ಎರಡು ಸಾವಿರದ ಹತ್ತು ಕೆಜಿ

ಹೇಳಿಕೆ ನೀಡುವವರು: ಲಾರಿ ಚಾಲಕರೂ ನೆರೆಹೊರೆಯವರೂ "ತೂಕದಕ್ಕ" ಎಂದು ಕರೆಯುವ ಮಹಿಳೆ. ಗುರುತಿನ ಚೀಟಿಯ ನಕಲು ಲಗತ್ತಿಸಿದೆ. ವಯಸ್ಸು 51 ವರ್ಷ. ಉದ್ಯೋಗ: ಲಾರಿ ತೂಗುವ ವೇ ಬ್ರಿಡ್ಜ್‌ನಲ್ಲಿ ತೂಕದ ಗುಮಾಸ್ತೆ, 19 ವರ್ಷಗಳಿಂದ. ವಾಸ: ಗೋದಾಮು ರಸ್ತೆ, ಹೊಲಿಗೆ ಅಂಗಡಿಯ ಮಹಡಿ ಮೇಲಿನ ಎರಡು ಕೋಣೆಯ ಮನೆ, ತಂಗಿಯ ಜೊತೆಯಲ್ಲಿ.

ನಾನು ಈ ದಿನ ಬೆಳಿಗ್ಗೆ 11.30ಕ್ಕೆ, ಯಾರೂ ಕರೆಯದೆ, ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಇದು ನನ್ನ ಎರಡನೆಯ ಹೇಳಿಕೆ. ಮೊದಲನೆಯದನ್ನು 11ನೇ ತಾರೀಖು ಮಂಗಳವಾರ ಸಂಜೆ 6.10ಕ್ಕೆ ತೂಕದ ಕ್ಯಾಬಿನ್ನಿಗೆ ಬಂದಿದ್ದ ಪೇದೆಯವರಿಗೆ ಕೊಟ್ಟಿದ್ದೆ. ವಾಹನ ತಪಾಸಣಾಧಿಕಾರಿಗಳು ತೂಕದ ಕಟ್ಟೆಯಿಂದ ಬಿದ್ದಾಗ ನಾನು ಬೆನ್ನು ಹಾಕಿ ಚಹಾ ಕಾಯಿಸುತ್ತಿದ್ದೆ, ಏನನ್ನೂ ನೋಡಲಿಲ್ಲ ಎಂದು ಅದರಲ್ಲಿ ಹೇಳಿದ್ದೇನೆ. ಅದು ಸುಳ್ಳು. ನಮ್ಮ ಕ್ಯಾಬಿನ್ನಿನಲ್ಲಿ ಚಹಾ ಕಾಯಿಸುವ ವ್ಯವಸ್ಥೆಯೇ ಇಲ್ಲ. ಚಹಾ ಎದುರಿನ ಟೈರ್ ಅಂಗಡಿಯಿಂದ ಬರುತ್ತದೆ.

ನಮ್ಮ ತೂಕದ ಕಟ್ಟೆ ಉಕ್ಕಿನದು. ಉದ್ದ 16 ಮೀಟರ್, ಅಗಲ 3 ಮೀಟರ್, ನೆಲದಿಂದ ಎತ್ತರ 40 ಸೆಂಟಿಮೀಟರ್. ಅಂಚಿಗೆ ತಡೆಯಿಲ್ಲ, ಹಳದಿ ಬಣ್ಣ ಬಳಿದಿದ್ದೇವೆ. ಕ್ಯಾಬಿನ್ನಿನ ಕಿಟಕಿ ಕಟ್ಟೆಯಿಂದ 2 ಮೀಟರ್ ದೂರದಲ್ಲಿದೆ. ಕಿಟಕಿಯ ಮುಂದೆ ಕೂತರೆ ಕಟ್ಟೆಯ ಎರಡು ತುದಿಗಳೂ ಕಾಣುತ್ತವೆ. ಯಂತ್ರ ಲಾರಿಗಳಿಗೆಂದು ಮಾಡಿದ್ದು, ಹತ್ತು ಹತ್ತು ಕೆಜಿಯ ಲೆಕ್ಕದಲ್ಲಿ ತೋರಿಸುತ್ತದೆ. ಅದಕ್ಕಿಂತ ಸೂಕ್ಷ್ಮ ಅದಕ್ಕೆ ತಿಳಿಯುವುದಿಲ್ಲ.

ಮೊದಲೆಲ್ಲ ನಮ್ಮಲ್ಲಿಗೆ ಕಾರುಗಳು ಬರುತ್ತಿರಲಿಲ್ಲ. ಎಲೆಕ್ಟ್ರಿಕ್ ಕಾರುಗಳಿಗೆ ಇಷ್ಟು ವರ್ಷ ರಸ್ತೆ ತೆರಿಗೆ ಇರಲಿಲ್ಲ. ಈ ವರ್ಷದಿಂದ ತೆರಿಗೆ ಬಂತು, ನೋಂದಣಿ ನವೀಕರಣದ ಶುಲ್ಕವೂ ಸೇರಿತು. ಬ್ಯಾಟರಿಯಿಂದಾಗಿ ಈ ಕಾರುಗಳು ಭಾರ, ಭಾರಕ್ಕೆ ರಸ್ತೆ ಸವೆಯುತ್ತದೆ ಎಂಬ ಕಾರಣಕ್ಕೆ ತೂಕದ ಮೇಲೆ ದರ ಗೊತ್ತು ಮಾಡಿದರು. ಖಾಲಿ ಕಾರು 2,000 ಕೆಜಿವರೆಗೆ ಒಂದು ದರ, ಅದನ್ನು ದಾಟಿದರೆ ಎರಡರಷ್ಟು. ತೂಕದ ಚೀಟಿ ನಮ್ಮಂಥ ಸರ್ಕಾರಿ ಮುದ್ರೆಯಿರುವ ವೇ ಬ್ರಿಡ್ಜ್‌ನದ್ದೇ ಆಗಬೇಕು. ಈ ತಿಂಗಳ 15ರೊಳಗೆ ಕಟ್ಟದಿದ್ದರೆ ನೋಂದಣಿ ಅಮಾನತು, ಕಾರು ರಸ್ತೆಗೆ ಇಳಿಯುವಂತಿಲ್ಲ.

ಹೀಗಾಗಿ ಎರಡು ತಿಂಗಳಿನಿಂದ ನಮ್ಮ ಅಂಗಳ ಸಂತೆಯಾಗಿತ್ತು. ಜನ ಕಾರಿನಿಂದ ಬದಲಿ ಚಕ್ರ, ಚಾಪೆ, ಛತ್ರಿ ತೆಗೆಯುತ್ತಿದ್ದರು. ಹಿಂದಿನ ಸೀಟನ್ನೇ ಬಿಚ್ಚಿಟ್ಟವರಿದ್ದರು. ಒಬ್ಬ ಮೇಷ್ಟ್ರು ಗಾಜು ಒರೆಸುವ ನೀರನ್ನೂ ಚೆಲ್ಲಿಸಿದರು. ಚಾರ್ಜ್ ಪೂರ್ತಿ ಇಳಿದ ಮೇಲೆ ತಂದರೆ ಹಗುರಾಗುತ್ತದೆಯೇ ಎಂದು ಒಬ್ಬರು ಕೇಳಿದರು. ಪೆಟ್ರೋಲಾದರೆ ಇಳಿಯುತ್ತೆ ಸ್ವಾಮಿ, ಕರೆಂಟಿಗೆಲ್ಲಿ ತೂಕ ಎಂದೆ. ಅವರಿಗೆ ನಿಜಕ್ಕೂ ಬೇಸರವಾಯಿತು. ಯಾರೂ ಕಳ್ಳರಲ್ಲ. ತೆರಿಗೆ ಇಲ್ಲ ಎಂದಿದ್ದರಿಂದ ಸಾಲ ಮಾಡಿ ಕೊಂಡವರೇ ಹೆಚ್ಚು.

11ನೇ ತಾರೀಖು ಬೆಳಿಗ್ಗೆ 9.40ಕ್ಕೆ ಬೂದು ಬಣ್ಣದ ಎಲೆಕ್ಟ್ರಿಕ್ ಕಾರೊಂದು ಬಂತು. ನಡೆಸುತ್ತಿದ್ದವರು ಈಗ ತಮ್ಮ ಬಂಧನದಲ್ಲಿರುವ ಕ್ಷೌರಿಕರು, ವಯಸ್ಸು ಸುಮಾರು 47. ಹಿಂಬದಿಯಲ್ಲಿ ಅವರ ಹೆಂಡತಿ ಗಾಲಿಕುರ್ಚಿಯಲ್ಲಿ ಕೂತಿದ್ದರು. ಕುರ್ಚಿ ಸಮೇತ ಏರಿಸಿ ಇಳಿಸುವ ಲಿಫ್ಟ್ ಅನ್ನು ಕಾರಿನ ನೆಲಕ್ಕೆ ನಾಲ್ಕು ಬೋಲ್ಟ್ ಹಾಕಿ ಬಿಗಿದಿದ್ದರು. ಅವರಿಬ್ಬರನ್ನೂ ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಆರು ವರ್ಷದ ಹಿಂದೆ ಬೆನ್ನುಹುರಿಯ ಕಾಯಿಲೆಯಿಂದ ಹೆಂಡತಿಯ ಕಾಲುಗಳ ಶಕ್ತಿ ಹೋಯಿತಂತೆ. ಆಗ ಅಂಗಡಿ ಮುಚ್ಚಿ ಈ ಕಾರು ಕೊಂಡು, ಹಾಸಿಗೆ ಹಿಡಿದವರ ಮನೆಗೂ ಆಸ್ಪತ್ರೆಗೂ ಹೋಗಿ ಕೂದಲು ಕತ್ತರಿಸುವ ಕೆಲಸ ಶುರು ಮಾಡಿದರಂತೆ. ಫೋನು ನೋಡಿಕೊಳ್ಳುವುದು, ಕತ್ತರಿಸುವಷ್ಟು ಹೊತ್ತು ರೋಗಿಯನ್ನು ಮಾತಾಡಿಸುವುದು ಹೆಂಡತಿಯ ಪಾಲು. "ಅವರು ಕತ್ತರಿ ಆಡಿಸ್ತಾರೆ, ನಾನು ಬಾಯಿ ಆಡಿಸ್ತೀನಿ. ಜನ ನಾನು ಬರದಿದ್ರೆ ಕಾರಣ ಕೇಳ್ತಾರೆ, ಕತ್ತರಿ ಬಗ್ಗೆ ಯಾರೂ ಕೇಳಲ್ಲ" ಎಂದು ಆಕೆ ನನಗೆ ಹೇಳಿದರು. ಗಂಡ ಅದಕ್ಕೆ ನಕ್ಕರು. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಅವರು ಜಗಳಕ್ಕೆ ಬಂದವರಲ್ಲ.

9.52ಕ್ಕೆ ಹೆಂಡತಿಯನ್ನು ಇಳಿಸಿ ಖಾಲಿ ಕಾರನ್ನು ತೂಗಿದೆ. 2,060 ಕೆಜಿ ಬಂತು. ಅವರು ಕೂದಲು ತೊಳೆಯಲು ಇಟ್ಟುಕೊಂಡಿದ್ದ ನೀರಿನ ಟ್ಯಾಂಕು, ಬದಲಿ ಚಕ್ರ, ಜಾಕ್ ತೆಗೆದು ಕಟ್ಟೆಯ ಪಕ್ಕ ನೆಲದಲ್ಲಿಟ್ಟರು. 10.07ಕ್ಕೆ ಮತ್ತೆ ತೂಗಿದೆ. 2,010 ಬಂತು. ಕಾರಿನಲ್ಲಿ ತೆಗೆಯಲು ಬೇರೆ ಏನೂ ಉಳಿದಿರಲಿಲ್ಲ. ಹೆಂಡತಿ ನೆರಳಿನಲ್ಲಿ ಕೂತಲ್ಲಿಂದಲೇ, "ನನ್ನನ್ನ ಇಳಿಸಿದ್ರೂ ಗಾಡಿ ಹಗುರಾಗ್ಲಿಲ್ಲ ಅಂದ್ಮೇಲೆ ನಾನು ದಪ್ಪ ಅಲ್ಲ ಅಂತ ಸಾಬೀತಾಯ್ತು, ಅದನ್ನೂ ಚೀಟೀಲಿ ಬರೀರಿ ಅಕ್ಕ" ಎಂದರು.

ಲಿಫ್ಟ್‌ನ ತೂಕ 110 ಕೆಜಿ ಎಂದು ಅದರ ಮೇಲೆಯೇ ಅಚ್ಚಾಗಿದೆ. ಅಂಗವಿಕಲರ ಸಲಕರಣೆಯ ತೂಕವನ್ನು ಕಳೆಯಬಹುದೆಂದು ನಿಯಮದಲ್ಲೂ ಇದೆ. ಆದರೆ ಅದಕ್ಕೊಂದು ಫಾರಂ ಬೇಕು. ಕ್ಷೌರಿಕರು ಮೂರು ಸಲ ನೋಂದಣಿ ಕಚೇರಿಗೆ ಹೋಗಿದ್ದರಂತೆ. ಫಾರಂ ಇನ್ನೂ ಅಚ್ಚಾಗಿ ಬಂದಿಲ್ಲ, ಮುಂದಿನ ತಿಂಗಳು ಬನ್ನಿ ಎಂದರಂತೆ. 15ನೇ ತಾರೀಖು ಮಾತ್ರ ಮುಂದಕ್ಕೆ ಹೋಗುವುದಿಲ್ಲ ಎಂದೂ ಅಂದರಂತೆ.

10.15ಕ್ಕೆ ಅವರು ಪಾನಾ ತೆಗೆದುಕೊಂಡು ಲಿಫ್ಟ್ ಬಿಚ್ಚಲು ಶುರು ಮಾಡಿದರು. ಬೋಲ್ಟ್‌ಗಳಿಗೆ ತುಕ್ಕು ಹಿಡಿದಿತ್ತು. ಹದಿನೈದು ನಿಮಿಷಕ್ಕೆ ಒಂದು ಸಡಿಲವಾಯಿತು. ಎರಡನೆಯದಕ್ಕೆ ಪಾನಾ ಜಾರಿ ಬಲಗೈಯ ಹೆಬ್ಬೆರಳಿನ ಚರ್ಮ ಕಿತ್ತುಹೋಗಿ ರಕ್ತ ಬಂತು. ಕತ್ತರಿ ಹಿಡಿಯುವ ಕೈ ಅದು. ಆಗ ಹೆಂಡತಿ, "ಅದನ್ನ ಬಿಚ್ಚಿದ್ರೆ ನಾನು ಮನೆಗೆ ಹೋಗೋದು ಹೇಗ್ರೀ?" ಎಂದು ಕೇಳಿದರು. ಜೋರಾಗಿಯೂ ಕೇಳಲಿಲ್ಲ, ಅಳುತ್ತಲೂ ಕೇಳಲಿಲ್ಲ. ದಾರಿ ಕೇಳುವ ಹಾಗೆ ಕೇಳಿದರು.

ನಾನು ಕಿಟಕಿಯಿಂದ, "ಬಿಚ್ಚಬೇಡ ತಮ್ಮಾ, ಬಿಗಿ ಮಾಡು" ಎಂದೆ. ಆಮೇಲೆ ನಾನು ಮಾಡಿದ್ದು ಹೀಗೆ. ಕರೆಂಟು ಏರುಪೇರಾದ ದಿನ ತೂಕವನ್ನು ಕೈಯಿಂದ ತುಂಬಲು ಯಂತ್ರದಲ್ಲಿ ಒಂದು ಬೀಗದ ಗುಂಡಿಯಿದೆ. ಕೀಲಿ ನನ್ನ ಹತ್ತಿರ ಇರುತ್ತದೆ. 10.34ಕ್ಕೆ ಆ ಗುಂಡಿ ತೆರೆದು 2,000 ಎಂದು ತುಂಬಿ ಚೀಟಿ ತೆಗೆದೆ. ಅಂದು ಕರೆಂಟು ಸರಿಯಾಗಿಯೇ ಇತ್ತು. ಕ್ಷೌರಿಕರು ಕೇಳಿರಲಿಲ್ಲ. ಏನನ್ನೂ ಕೊಡಲಿಲ್ಲ, ನಾನು ತೆಗೆದುಕೊಳ್ಳಲೂ ಇಲ್ಲ. ಚೀಟಿ ನೋಡಿ, "ಅಕ್ಕ, ಇದು ತಪ್ಪು ಬಂದಿದೆ" ಎಂದರು. ಯಂತ್ರಕ್ಕಿಂತ ನಿನಗೆ ಚೆನ್ನಾಗಿ ಗೊತ್ತಾ ಎಂದು ನಾನೇ ಗದರಿಸಿದೆ. ಮರಳು ಲಾರಿಯವರು, ಕಬ್ಬಿಣದ ಲಾರಿಯವರು ಹತ್ತೊಂಬತ್ತು ವರ್ಷ ಏನೇನೋ ಆಸೆ ತೋರಿಸಿದ್ದಾರೆ. ಆಗ ಅಲುಗದ ಕೈ ಆ ದಿನ ತಾನಾಗಿ ಅಲುಗಿತು. ಅದಕ್ಕೆ ಬೇರೆ ಕಾರಣ ನನ್ನಲ್ಲಿಲ್ಲ.

ಅವರು ಬೋಲ್ಟ್ ಬಿಗಿದು, ಬೆರಳಿಗೆ ಬಟ್ಟೆ ಸುತ್ತಿಕೊಂಡು, ಹೆಂಡತಿಯನ್ನು ಲಿಫ್ಟ್‌ನಲ್ಲಿ ಏರಿಸಿದರು. ಕಾರು ಕಟ್ಟೆಯ ಮೇಲೆಯೇ ಇತ್ತು. ಟ್ಯಾಂಕು, ಚಕ್ರ ಇನ್ನೂ ಕೆಳಗಿದ್ದವು. 11.05ಕ್ಕೆ ವಾಹನ ತಪಾಸಣಾಧಿಕಾರಿಗಳು ಒಬ್ಬರೇ ಬೈಕಿನಲ್ಲಿ ಬಂದರು. ಸುಳ್ಳು ಚೀಟಿಗಳ ದೂರು ಬಂದಿದ್ದರಿಂದ ಅವರನ್ನು ಮೂರು ವಾರದಿಂದ ಊರಿನ ಎಲ್ಲ ವೇ ಬ್ರಿಡ್ಜ್‌ಗಳಿಗೆ ತಿರುಗಲು ಹಾಕಿದ್ದರು. ಬಿಸಿಲಿನಲ್ಲಿ ತಿರುಗಿ ಅವರ ಮುಖ ಸುಟ್ಟಿತ್ತು, ಕೆಮ್ಮು ಬೇರೆ. ಅವರು ನಮ್ಮಲ್ಲಿ ಎಂದೂ ದರ್ಪ ತೋರಿದವರಲ್ಲ.

ಅವರು ಚೀಟಿ ಕೇಳಿ ನೋಡಿದರು. ಕೈಯಿಂದ ತುಂಬಿದ ಚೀಟಿಯ ಮೂಲೆಯಲ್ಲಿ ನಕ್ಷತ್ರದ ಗುರುತು ಬರುತ್ತದೆ. ಅದು ಅವರ ಕಣ್ಣಿಗೆ ಬಿತ್ತು. ಇದನ್ನು ಯಾರು ತುಂಬಿದ್ದು, ಮತ್ತೆ ತೂಗಬೇಕು, ಹೆಂಡತಿಯನ್ನು ಇಳಿಸು ಎಂದು ಕ್ಷೌರಿಕರಿಗೆ ಹೇಳಿದರು. ಕ್ಷೌರಿಕರು ಸೀಟಿನಲ್ಲೇ ಕೂತು, "ಸಾರ್, ಈಗ ತಾನೇ ಹತ್ತಿಸಿದೀನಿ. ದಿನಕ್ಕೆ ಎಷ್ಟು ಸಲ ಅಂತ ಅವಳನ್ನ ಸಾಮಾನು ಥರ ಇಳಿಸಿ ಹತ್ತಿಸ್ಲಿ?" ಎಂದರು. ದನಿ ಏರಿತ್ತು ಎಂಬುದು ನಿಜ. ಬೈಯಲಿಲ್ಲ. ಬೆದರಿಸಲಿಲ್ಲ. ನಾನು ಆಗಲೇ ಹೊರಗೆ ಬಂದು, ತುಂಬಿದ್ದು ನಾನು ಎನ್ನಬೇಕಿತ್ತು. ಕುರ್ಚಿಯಿಂದ ಏಳಲಿಲ್ಲ.

ಅಧಿಕಾರಿಗಳು ಕಟ್ಟೆ ಹತ್ತಿ ಕಾರಿನ ಹಿಂದೆ ಹೋದರು. ನಂಬರ್ ಪ್ಲೇಟಿನ ಫೋಟೋ ತೆಗೆಯಲು ಫೋನನ್ನು ಕಣ್ಣಿನ ಮುಂದೆ ಹಿಡಿದರು. ಕಾರು ಪೂರ್ತಿ ಕಾಣಲೆಂದು ಓರೆಯಾಗಿ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟರು. ಕಾರಿಗೂ ಅವರಿಗೂ ನಡುವೆ ಒಬ್ಬ ಮನುಷ್ಯ ಆರಾಮಾಗಿ ನಿಲ್ಲುವಷ್ಟು ಜಾಗವಿತ್ತು. ನಾಲ್ಕನೆಯ ಹೆಜ್ಜೆ ಹಳದಿ ಗೆರೆ ದಾಟಿತು. ನಾನು "ಸಾರ್" ಎಂದು ಕೂಗುವಷ್ಟರಲ್ಲಿ ಅವರು ಬಿದ್ದಾಗಿತ್ತು. ಬೀಳುವಾಗ ಮೈ ತಿರುಗಿ ಹಣೆ ನೀರಿನ ಟ್ಯಾಂಕಿಗೆ ಬಡಿಯಿತು, ಎಡಗೈ ಮೈಕೆಳಗೆ ಮಡಚಿಕೊಂಡಿತು. ಕಾರು ಅಲುಗಿರಲಿಲ್ಲ.

ಕ್ಷೌರಿಕರು ಇಳಿದು ಓಡಿಬಂದರು. ತಮ್ಮ ಪೆಟ್ಟಿಗೆಯಿಂದ ಒಗೆದ ಬಟ್ಟೆ, ಪಟಿಕದ ತುಂಡು ತೆಗೆದು ಹಣೆಯ ರಕ್ತ ನಿಲ್ಲಿಸಿದರು. ಅಧಿಕಾರಿಗಳು ಅರೆಪ್ರಜ್ಞೆಯಲ್ಲಿದ್ದರು, ಸೊಂಟದ ನೋವಿನಿಂದ ಏಳಲೂ ಆಗಲಿಲ್ಲ. ನಾನು ಆಂಬುಲೆನ್ಸಿಗೆ ಫೋನ್ ಮಾಡಿದರೆ, ಬರಲು 40 ನಿಮಿಷ ಆಗುತ್ತದೆ ಎಂದರು. ಆಗ ಹೆಂಡತಿ ಒಳಗಿನಿಂದಲೇ, "ನನ್ನನ್ನ ಇಳಿಸಿ, ಅವರನ್ನ ನನ್ನ ಕುರ್ಚೀಲಿ ಕೂರಿಸ್ರೀ" ಎಂದರು. ಹಾಗೇ ಮಾಡಿದೆವು. ಟೈರ್ ಅಂಗಡಿಯವರೂ ಕೈ ಕೊಟ್ಟರು. ಆಕೆಯನ್ನು ಎತ್ತಿ ತಂದು ನನ್ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆವು. ಅಧಿಕಾರಿಗಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಅದೇ ಲಿಫ್ಟ್‌ನಿಂದ ಕಾರಿಗೆ ಏರಿಸಿದೆವು. 11.24ಕ್ಕೆ ಕಾರು ಹೊರಟಿತು. ಆಸ್ಪತ್ರೆ ನಾಲ್ಕೂವರೆ ಕಿಲೋಮೀಟರ್.

ಅಲ್ಲಿ ಅಧಿಕಾರಿಗಳು, ಚಾಲಕ ಸಿಟ್ಟಿನಿಂದ ಸದ್ದಿಲ್ಲದೆ ಕಾರು ಹಿಂದಕ್ಕೆ ಬಿಟ್ಟು ಗುದ್ದಿದ ಎಂದು ಠಾಣೆಯ ಸಿಬ್ಬಂದಿಗೆ ಹೇಳಿಕೆ ಕೊಟ್ಟರೆಂದು, ಕ್ಷೌರಿಕರನ್ನು ಆಸ್ಪತ್ರೆಯಲ್ಲೇ ಬಂಧಿಸಿ ಕಾರು ವಶಪಡಿಸಿಕೊಂಡರೆಂದು ನಮಗೆ ಮಧ್ಯಾಹ್ನ 1.20ಕ್ಕೆ ಗೊತ್ತಾಯಿತು. ಕುರ್ಚಿಯೂ ಕಾರಿನಲ್ಲೇ ಉಳಿಯಿತು.

ಹೆಂಡತಿ ಸಂಜೆ 4.30ರವರೆಗೆ ನನ್ನ ಕ್ಯಾಬಿನ್ನಿನಲ್ಲಿದ್ದರು. ನಡುವೆ ಎರಡು ಸಲ ನಾನೂ ಟೈರ್ ಅಂಗಡಿಯವರ ಹೆಂಡತಿಯೂ ಸೇರಿ ಆಕೆಯನ್ನು ಶೌಚಾಲಯಕ್ಕೆ ಎತ್ತಿಕೊಂಡು ಹೋದೆವು. ಕ್ಯಾಬಿನ್ನಿನಿಂದ 22 ಹೆಜ್ಜೆ. ಎರಡೂ ಸಲ ಆಕೆ ಕ್ಷಮೆ ಕೇಳಿದರು. ಆಮೇಲೆ ನನ್ನ ತಲೆ ನೋಡಿ, ಹಿಂದೆ ಸೊಟ್ಟ ಕತ್ತರಿಸಿದ್ದಾರೆ, ನಮ್ಮವರು ಬಂದ ಮೇಲೆ ಸರಿ ಮಾಡಿಸ್ತೀನಿ ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನೀವು ನೋಡಿದ್ರಾ ಅಕ್ಕ?" ಎಂದು ಕೇಳಿದರು. ನೋಡಿದೆ ಎಂದೆ. ನಾನು ನೋಡಿದ್ದೇನೆ ಎಂದ ಮೇಲೆ ಹೇಳುತ್ತೇನೆ ಎಂದೇ ಆಕೆ ತಿಳಿದುಕೊಂಡರು. ಸಂಜೆ ಟೈರ್ ಅಂಗಡಿಯವರ ವ್ಯಾನಿನಲ್ಲಿ ಆಕೆಯನ್ನು ಮನೆಗೆ ಕಳಿಸಿದೆವು.

5.15ಕ್ಕೆ ವೇ ಬ್ರಿಡ್ಜ್ ಯಜಮಾನರು ಬಂದರು. ನಾನು ಅವರಿಗೆ ಎಲ್ಲವನ್ನೂ, 2,000 ತುಂಬಿದ್ದನ್ನೂ ಹೇಳಿದೆ. ಅವರು, ಪೊಲೀಸರು ಬಂದರೆ ನೋಡಿಲ್ಲ ಅನ್ನು, ಒಂದು ಚೀಟಿಗೆ ಮುದ್ರೆ ರದ್ದಾದರೆ ನಾವು ಆರು ಜನ ಬೀದಿಗೆ ಬರುತ್ತೇವೆ ಎಂದರು. ಅವರು ಬಲವಂತ ಮಾಡಲಿಲ್ಲ. ನನಗೂ ಹೆದರಿಕೆ ಇತ್ತು. 6.10ಕ್ಕೆ ಪೇದೆಯವರು ಬಂದಾಗ ಚಹಾದ ಮಾತು ನನ್ನ ಬಾಯಿಂದ ತಾನಾಗಿ ಬಂತು.

12 ಮತ್ತು 13ರಂದು ಎಂದಿನಂತೆ ಕೆಲಸಕ್ಕೆ ಹೋದೆ. ಕಾರುಗಳನ್ನು ತೂಗಿದೆ. 13ರ ಮಧ್ಯಾಹ್ನ ಮನೆಯಲ್ಲಿ ಊಟ ಮುಚ್ಚಿಟ್ಟು ಎದ್ದಾಗ, ನನ್ನಿಂದ ಎಲ್ಲ ಕೇಳಿದ್ದ ತಂಗಿ, "ಸುಳ್ಳು ನುಂಗಿದೀಯ ಅಕ್ಕ, ಅದಕ್ಕೇ ತುತ್ತು ಇಳೀತಿಲ್ಲ. ಕಕ್ಕಿಬಿಟ್ಟು ಬಂದು ಉಣ್ಣು" ಎಂದಳು. ಅವಳು ಬಟ್ಟೆ ಹೊಲಿಯುವವಳು. ತಪ್ಪು ಹೊಲಿಗೆಯನ್ನು ಇಸ್ತ್ರಿ ಮಾಡಿದರೆ ಸರಿಹೋಗಲ್ಲ, ಬಿಚ್ಚಲೇಬೇಕು ಎಂದೂ ಸೇರಿಸಿದಳು.

ಕಾರು ಅಲುಗಲಿಲ್ಲ ಎಂಬುದಕ್ಕೆ ನನ್ನ ಕಣ್ಣೊಂದೇ ಸಾಕ್ಷಿಯಲ್ಲ. ಚೀಟಿ ತೆಗೆಯಲಿ ಬಿಡಲಿ, ಕಟ್ಟೆಯ ಮೇಲಿನ ತೂಕ ಎಷ್ಟೆಂದು ಯಂತ್ರ ಕ್ಷಣಕ್ಷಣಕ್ಕೂ ತನ್ನೊಳಗೆ ಬರೆದುಕೊಳ್ಳುತ್ತದೆ. ಕಟ್ಟೆಯ ಮೇಲೆ ವಾಹನ ಸ್ವಲ್ಪ ಸರಿದರೂ ಅಂಕಿ ನಿಲ್ಲದೆ ಓಡುತ್ತದೆ, ಪಕ್ಕದಲ್ಲಿ "ಅಸ್ಥಿರ" ಎಂದು ಬೀಳುತ್ತದೆ. ಮೂವತ್ತು ದಿನದ ದಾಖಲೆ ಉಳಿದಿರುತ್ತದೆ. 13ರ ಸಂಜೆ 5 ಗಂಟೆಗೆ ನಾನು ಅದನ್ನು ತೆಗೆದು ಮುದ್ರಿಸಿದೆ. ಮೂರು ಪುಟ ಲಗತ್ತಿಸಿದ್ದೇನೆ. 11ರಂದು ಬೆಳಿಗ್ಗೆ 11 ಗಂಟೆ 12 ನಿಮಿಷ 40 ಸೆಕೆಂಡಿಗೆ 2,240 ಕೆಜಿ: ಕಾರು, ಚಾಲಕರು, ಕುರ್ಚಿಯೊಂದಿಗೆ ಹೆಂಡತಿ, ಅಧಿಕಾರಿಗಳು. 46ನೇ ಸೆಕೆಂಡಿಗೆ 2,160 ಕೆಜಿ. ಕಡಿಮೆಯಾದ 80 ಕೆಜಿ ಅಧಿಕಾರಿಗಳದ್ದು. ಅವರು ಕಟ್ಟೆ ಹತ್ತಿದ ಮೇಲೆ ಬೀಳುವವರೆಗೆ ಎಲ್ಲಿಯೂ "ಅಸ್ಥಿರ" ಎಂದು ಬಿದ್ದಿಲ್ಲ. ಕಾರು ಹಿಂದಕ್ಕೆ ಬಂದಿದ್ದರೆ ಬಿದ್ದೇ ಬೀಳುತ್ತಿತ್ತು.

ಅದೇ ಮೂರು ಪುಟಗಳಲ್ಲಿ 10.07ರ 2,010 ಇದೆ. 10.34ಕ್ಕೆ ನಾನು ತುಂಬಿದ 2,000 ಸಹ ಇದೆ. ಒಂದನ್ನು ಕೊಟ್ಟು ಇನ್ನೊಂದನ್ನು ಇಟ್ಟುಕೊಳ್ಳಲು ಬರುವುದಿಲ್ಲ.

ಇಂದು 14ನೇ ತಾರೀಖು ಬೆಳಿಗ್ಗೆ 8.30ಕ್ಕೆ ಯಜಮಾನರ ಮನೆಗೆ ಹೋಗಿ ಪುಟಗಳನ್ನು ತೋರಿಸಿ, ಕ್ಯಾಬಿನ್ನಿನ ಕೀಲಿಗಳನ್ನು ಮೇಜಿನ ಮೇಲಿಟ್ಟೆ. ಅವರು ನೋಡಿ, "ಹತ್ತೊಂಬತ್ತು ವರ್ಷಕ್ಕೆ ಒಂದೇ ಒಂದು ಸುಳ್ಳು ಬರೆದೆ. ಅದನ್ನೂ ಮುಚ್ಚಿಡೋಕೆ ಬರಲ್ವಲ್ಲಮ್ಮ ನಿನಗೆ" ಎಂದರು. ಕೀಲಿಯನ್ನು ತೆಗೆದುಕೊಳ್ಳಲೂ ಇಲ್ಲ, ವಾಪಸು ಕೊಡಲೂ ಇಲ್ಲ. ಹೋಗುವುದಾದರೆ ಹೋಗು ಎಂದರು.

9.50ಕ್ಕೆ ಆಸ್ಪತ್ರೆಗೆ ಹೋಗಿ ಅಧಿಕಾರಿಗಳನ್ನು ಕಂಡೆ. ಅವರಿಗೆ ತಿಳಿಸದೆ ಅವರ ಮಾತು ಸುಳ್ಳೆಂದು ಇಲ್ಲಿ ಬರೆಸುವುದು ಸರಿಯಲ್ಲ ಅನ್ನಿಸಿತು. ಎಡಗೈಗೆ ಕಟ್ಟು ಹಾಕಿದ್ದರು, ಹಣೆಗೆ ಮೂರು ಹೊಲಿಗೆ ಬಿದ್ದಿತ್ತು. ಪುಟಗಳನ್ನು ಮೂರು ಸಲ ಓದಿದರು. "ಹಾಗಾದ್ರೆ ನಾನೇ ಬಿದ್ದೆನಾ?" ಎಂದು ಕೇಳಿದರು. ಹೌದು ಸಾರ್ ಎಂದೆ. ಬೇರೆ ಗಾಡಿಯಾದರೆ ಇಂಜಿನ್ ಸದ್ದಿನಿಂದ ನಿಂತಿದೆಯೋ ಬರುತ್ತಿದೆಯೋ ತಿಳಿಯುತ್ತದೆ, ಇದು ನಿಂತರೂ ಮೌನ, ಬಂದರೂ ಮೌನ, ಎಚ್ಚರವಾದಾಗ ಗುದ್ದಿದ ಎಂದೇ ಅನ್ನಿಸಿತು, ಬೇಕೆಂದು ಹೇಳಿದ್ದಲ್ಲ ಎಂದರು. ನಾನು ಅದನ್ನು ನಂಬುತ್ತೇನೆ. ತಮ್ಮನ್ನು ಆಸ್ಪತ್ರೆಗೆ ತಂದ ಕುರ್ಚಿ ಯಾರದು ಎಂದು ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆಸ್ಪತ್ರೆಯದು ಅಂದುಕೊಂಡಿದ್ದರು. ನಾನು ಹೇಳಿದಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

ನಾನು ಏಳುವಾಗ, "ನನ್ನ ಮಾತು ನಾನು ತಿದ್ದಿಸ್ತೀನಮ್ಮ. ಆದರೆ ನೀವು ತುಂಬಿದ ತೂಕನ ಬಿಡೋಕಾಗಲ್ಲ, ವರದಿ ಮಾಡಲೇಬೇಕು" ಎಂದರು. ಬಿಡಬೇಡಿ ಸಾರ್ ಎಂದೆ. ಆ ಫಾರಂ ಬೇಗ ಅಚ್ಚು ಹಾಕಿಸಿದರೆ ನನ್ನಂಥವರು ತಪ್ಪು ಮಾಡುವುದು ತಪ್ಪುತ್ತದೆ ಎಂದೂ ಹೇಳಿದೆ. ಅವರು ಬಲಗೈಯಿಂದಲೇ ಅದನ್ನು ಚೀಟಿಯಲ್ಲಿ ಬರೆದುಕೊಂಡರು.

ಈ ಹೇಳಿಕೆ ಬರೆಸುತ್ತಿರುವಾಗ 12.50ಕ್ಕೆ ಆಸ್ಪತ್ರೆಯಿಂದ ಠಾಣಾಧಿಕಾರಿಗಳಿಗೆ ಫೋನ್ ಬಂತು. 1.05ಕ್ಕೆ ಪೇದೆಯವರೊಬ್ಬರು ಗಾಲಿಕುರ್ಚಿಯನ್ನು ಈ ಕೋಣೆಯ ಬಾಗಿಲ ಮುಂದೆ ತಳ್ಳಿಕೊಂಡು ಹೊರಗೆ ಹೋದರು. ಕ್ಷೌರಿಕರ ಹೆಂಡತಿ ಬೆಳಿಗ್ಗೆಯಿಂದ ಹೊರಗೆ ಟೈರ್ ಅಂಗಡಿಯವರ ವ್ಯಾನಿನಲ್ಲಿ ಕೂತಿದ್ದಾರೆ. ಆಕೆಯ ದನಿ ನನಗೆ ಕೇಳಿಸಿತು, ಏನೆಂದರೋ ತಿಳಿಯಲಿಲ್ಲ. ನಾನು ಕೇಳಿಕೊಂಡಿದ್ದರಿಂದ ಬರೆಯುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಲಾಯಿತು.

ಬರೆದುಕೊಳ್ಳುತ್ತಿರುವ ಸಿಬ್ಬಂದಿಯವರು ಪೆನ್ನು ಕೆಳಗಿಟ್ಟು, ಕಾರು ಅಲುಗಲಿಲ್ಲ ಎಂಬಷ್ಟೇ ಈ ಪ್ರಕರಣಕ್ಕೆ ಸಾಕು, ತೂಕ ತುಂಬಿದ ಭಾಗ ಬಿಟ್ಟು ಬೇರೆ ಹಾಳೆಯಲ್ಲಿ ಬರೆಯೋಣವೇ ಅಕ್ಕ ಎಂದು ಕೇಳಿದರು. ಅವರು ಒಳ್ಳೆಯ ಮನಸ್ಸಿನಿಂದ ಕೇಳಿದರು. ಬೇಡ ಎಂದೆ. ಅಂದು ಕಿಟಕಿಯ ಹಿಂದಿನಿಂದ ಏಳದೆ ಕೂತಿದ್ದಕ್ಕೆ ಒಬ್ಬರು ಮೂರು ದಿನ ಒಳಗಿದ್ದರು, ಇನ್ನೊಬ್ಬರು ಮೂರು ದಿನ ಕೂತಲ್ಲೇ ಕೂತಿದ್ದರು. ಎಲ್ಲವೂ ಒಂದೇ ಹಾಳೆಯಲ್ಲಿ ಇರಲಿ.

ಇಲ್ಲಿ ಬರೆದಿರುವುದು ನಾನು ಕಂಡದ್ದು, ಕೇಳಿದ್ದು ಮತ್ತು ಮಾಡಿದ್ದು. ನನಗೆ ಓದಿ ಹೇಳಿದರು, ಪೂರ್ತಿ ಕೇಳಿಸಿಕೊಂಡೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಸ್ಥಳ: ಠಾಣೆಯ ಬರಹಗಾರರ ಕೋಣೆ
ದಿನಾಂಕ: 14, ಶುಕ್ರವಾರ, ಮಧ್ಯಾಹ್ನ 1.40

(ಸಹಿ)
ತೂಕದ ಗುಮಾಸ್ತೆ